ಹಳೇ ಜೀಪಿಗೆ ಹೊಸ ಗಂಟಲು

ಕಾರ್ಬೊರೇಟರ್ ಎಂದರೇನು ಎಂದು ಇಂದಿನ ಹೈಸ್ಕೂಲು ಮಕ್ಕಳನ್ನು ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಮಂದಿ ನಿಮ್ಮ ಮುಖವನ್ನೇ ನೋಡುತ್ತಾರೆ. ಪಾಪ, ತಪ್ಪು ಅವರದಲ್ಲ. 2000ದ ಆಸುಪಾಸಿನಲ್ಲಿ ಹೊಸ ಕಾರುಗಳಿಂದ ಕಾಲು ಕಿತ್ತ ಈ ವಸ್ತು, 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕು, ಸ್ಕೂಟರುಗಳಿಂದಲೂ ಬಹುಮಟ್ಟಿಗೆ ಮಾಯವಾಯಿತು. ಈಗ ಇಂಜಿನ್ನಿಗೆ ಯಾವಾಗ ಎಷ್ಟು ಪೆಟ್ರೋಲ್ ಉಣಿಸಬೇಕೆಂಬುದನ್ನು ಒಂದು ಪುಟ್ಟ ಕಂಪ್ಯೂಟರ್ ತೀರ್ಮಾನಿಸುತ್ತದೆ. ಅದು ಕೆಟ್ಟರೆ ಇನ್ನೊಂದು ಕಂಪ್ಯೂಟರ್ ತಂದು ಜೋಡಿಸಿ ರೋಗ ಯಾವುದೆಂದು ಕೇಳುತ್ತಾರೆ. ಮೆಕ್ಯಾನಿಕ್ಕಿನ ಕೈಗೆ ಮಸಿಯೇ ಹತ್ತುವುದಿಲ್ಲ!

ಹೀಗೆ ಅಳಿದುಳಿದ ಕಾರ್ಬೊರೇಟರುಗಳಲ್ಲಿ ಒಂದು ತೀರ್ಥಹಳ್ಳಿ ತಾಲ್ಲೂಕಿನ ಮೂಲೆಯಲ್ಲಿರುವ ನನ್ನ ಅಣ್ಣನ ಜೀಪಿನಲ್ಲಿತ್ತು. ಜೀಪು ಎಂದೆನಲ್ಲ, ಅದನ್ನು ಜೀಪು ಎನ್ನುವುದು ಅರ್ಧ ಸತ್ಯ. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಸೈನಿಕರಿಗಾಗಿ ಹುಟ್ಟಿದ ವಿಲ್ಲೀಸ್ ಜೀಪನ್ನು 1940ರ ದಶಕದ ಕೊನೆಗೆ ಮಹೀಂದ್ರಾ ಕಂಪನಿ ನಮ್ಮ ದೇಶದಲ್ಲಿ ಜೋಡಿಸತೊಡಗಿತಷ್ಟೆ. ಆ ವಂಶದ ಒಂದು ಕುಡಿಯನ್ನು ನಮ್ಮಪ್ಪ 1984ರಲ್ಲಿ ಸೆಕೆಂಡ್ ಹ್ಯಾಂಡಿಗೆ ಕೊಂಡು, ಹಿಂಭಾಗವನ್ನು ಕತ್ತರಿಸಿ ಕಬ್ಬಿಣದ ತೊಟ್ಟಿ ಕೂರಿಸಿದರು. ಅಂದಿನಿಂದ ಅದರ ಹೆಸರು ಪಿಕಪ್. ಅಡಿಕೆ ಮೂಟೆ, ಗೊಬ್ಬರ, ಬಾಳೆಗೊನೆ, ಮದುವೆಯ ಪಾತ್ರೆ, ರಾತ್ರಿ ಹೊತ್ತು ಆಸ್ಪತ್ರೆಗೆ ಹೊರಟ ಬಸುರಿಯರು, ಎಲ್ಲವನ್ನೂ ಎಲ್ಲರನ್ನೂ ಅದು ಹೊತ್ತಿದೆ.

ಸುತ್ತಮುತ್ತಲಿನ ತೋಟದವರೆಲ್ಲ ತಮ್ಮ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಇಂಜಿನ್ ಇಳಿಸಿಕೊಂಡರು. ಅಣ್ಣ ಮಾತ್ರ ಒಪ್ಪಲಿಲ್ಲ. ಖರ್ಚಿನ ಲೆಕ್ಕ ಹಾಕಿ ತೋರಿಸಿದರೆ, “ಡೀಸೆಲ್ ಗಾಡೀಲಿ ಪಕ್ಕದಲ್ಲಿ ಕೂತವರ ಮಾತು ಕೇಳ್ಸಲ್ಲ ಮಾರಾಯ” ಎನ್ನುತ್ತಿದ್ದ. ಪಕ್ಕದಲ್ಲಿ ಕೂರುತ್ತಿದ್ದವರು ಅತ್ತಿಗೆ. ಪೇಟೆಗೆ ಹೊರಟರೆ ಮನೆಯ ಉಣುಗೋಲು ದಾಟಿದಲ್ಲಿಂದ ಶುರುವಾದ ಅವರ ಮಾತು ತುಂಗೆಯ ಸೇತುವೆ ಬಂದರೂ ಮುಗಿಯುತ್ತಿರಲಿಲ್ಲ. ಅಣ್ಣ “ಹೂಂ” ಎನ್ನುತ್ತ ಗೇರು ಬದಲಿಸುತ್ತಿದ್ದ. 2022ರಲ್ಲಿ ಅತ್ತಿಗೆ ತೀರಿಕೊಂಡರು. ಆಮೇಲೆ ಅಣ್ಣ ಒಬ್ಬನೇ ಪೇಟೆಗೆ ಹೋಗಿ ಬರತೊಡಗಿದ.

ಆ ಹೊತ್ತಿಗೆ ಜೀಪು ಕೂಡ ಹಟ ಹಿಡಿಯಲಾರಂಭಿಸಿತು. ನಿಂತಲ್ಲಿ ಇಂಜಿನ್ ಒಮ್ಮೆ ಗುಡುಗುವುದು, ಒಮ್ಮೆ ಉಸಿರು ಕಟ್ಟುವುದು. ಏರಿನಲ್ಲಿ ಆಕ್ಸಿಲರೇಟರ್ ತುಳಿದರೆ ಒಂದು ಕ್ಷಣ ಸತ್ತಂತಾಗಿ, ಆಮೇಲೆ ಬೆಚ್ಚಿಬಿದ್ದಂತೆ ಓಡುವುದು. ಒಂದು ಮಳೆಗಾಲದ ಸಂಜೆ ಕಾಡಿನ ನಡುವಿನ ಏರಿನಲ್ಲಿ ನಿಂತೇ ಬಿಟ್ಟಿತು. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಅರವತ್ತನಾಲ್ಕರ ಅಣ್ಣ ರಾತ್ರಿ ಹತ್ತರವರೆಗೆ ಒಬ್ಬನೇ ಕೂತಿದ್ದು, ಆ ದಾರಿಯಲ್ಲಿ ಬಂದ ಹಾಲಿನ ಗಾಡಿ ಹತ್ತಿ ಮನೆ ಸೇರಿದ. ಸುದ್ದಿ ತಿಳಿದ ಅವನ ಮಗ ಬೆಂಗಳೂರಿನಿಂದ ನನಗೆ ಫೋನ್ ಮಾಡಿದ: “ಚಿಕ್ಕಪ್ಪ, ನೀವೇ ಹೇಳಿ. ಗುಜರಿಗೆ ಕೊಡ್ಲಿ. ನಾನು ಹೊಸ ಗಾಡಿ ಕೊಡಿಸ್ತೀನಿ.” ಹುಡುಗನ ಆತಂಕ ನ್ಯಾಯವಾದದ್ದೇ. ಸಾಲದ್ದಕ್ಕೆ, ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಆಗಬೇಕಾದ ನೋಂದಣಿ ನವೀಕರಣವೂ ಎದುರಿಗಿತ್ತು. ಅಣ್ಣನನ್ನು ಕೇಳಿದರೆ, “ಕೊಟ್ಟ ಮೇಲೆ ನಾನೇನು ಮಾಡ್ಲಿ?” ಎಂದಷ್ಟೇ ಹೇಳಿ ಎಲೆ ಅಡಿಕೆಯ ಹರಿವಾಣ ಎಳೆದುಕೊಂಡ.

ಅದಕ್ಕೆ ಉತ್ತರ ಕೊಡುವ ಬದಲು ದಸರಾ ರಜೆಯಲ್ಲಿ ನಾನು ಸ್ಪ್ಯಾನರ್ ಹಿಡಿದೆ. “ಬಿಎಸ್ಸಿ ಬಿಎಡ್ ಮಾಡಿದ್ದು ಜೀಪಿನ ಬಾನೆಟ್ಟಿಗೆ ತಲೆ ತೂರಿಸೋದಕ್ಕಾ?” ಎಂದು ನನ್ನವಳು ಹಾಸ್ಯ ಮಾಡಿದಳು. ಹಾಗೆ ನೋಡಿದರೆ ಇದಕ್ಕೇ ಮಾಡಿದ್ದು ಎನ್ನಬೇಕು. ಸುಮಾರು ಮೂವತ್ತು ವರ್ಷ ನಾನು ಮಕ್ಕಳಿಗೆ ಹೇಳುತ್ತ ಬಂದ ಪಾಠವೆಲ್ಲ ಆ ಅಂಗೈಯಗಲದ ಲೋಹದ ಡಬ್ಬಿಯೊಳಗಿದೆ.

ನೋಡಿ, 1738ರಲ್ಲಿ ಸ್ವಿಟ್ಜರ್ಲೆಂಡಿನ ಡೇನಿಯಲ್ ಬರ್ನೂಲಿ ಒಂದು ಗ್ರಂಥದಲ್ಲಿ ಹರಿಯುವ ದ್ರವಗಳ ಗುಟ್ಟು ಹೇಳಿದ. ವೇಗ ಹೆಚ್ಚಿದಲ್ಲಿ ಒತ್ತಡ ತಗ್ಗುತ್ತದೆ ಎಂಬುದು ಅದರ ಸಾರ. ಇಟಲಿಯ ವೆಂಚುರಿ ಎಂಬಾತ, ಕೊಳವೆಯನ್ನು ನಡುವೆ ಕಿರಿದು ಮಾಡಿದರೆ ಏನಾಗುತ್ತದೆಂದು ಪರೀಕ್ಷಿಸಿದ. ಕಾರ್ಬೊರೇಟರಿನ ಗಂಟಲು ಇಂಥದೇ ಕಿರಿದಾದ ಕೊಳವೆ. ಇಂಜಿನ್ ಗಾಳಿ ಹೀರುವಾಗ ಗಂಟಲಲ್ಲಿ ಅದರ ವೇಗ ಏರುತ್ತದೆ, ಒತ್ತಡ ಇಳಿಯುತ್ತದೆ. ಪಕ್ಕದ ಬಟ್ಟಲಿನಲ್ಲಿರುವ ಪೆಟ್ರೋಲ್ ಸಣ್ಣ ತೂತಿನ ಮೂಲಕ ತಾನಾಗಿ ಚಿಮ್ಮಿ ಮಂಜಾಗುತ್ತದೆ. ಹಿಂದೆ ಸೊಳ್ಳೆಗೆ ಔಷಧಿ ಹೊಡೆಯುತ್ತಿದ್ದ ಫ್ಲಿಟ್ ಪಂಪು ನೆನಪಿದೆಯಲ್ಲ? ಅದರ ಸೋದರಸಂಬಂಧಿಯೇ ಇದು. 1893ರಲ್ಲಿ ಜರ್ಮನಿಯ ಮೇಬ್ಯಾಕ್ ಹೀಗೆ ಪೆಟ್ರೋಲ್ ಸಿಂಪಡಿಸುವ ಕಾರ್ಬೊರೇಟರನ್ನು ರೂಪಿಸಿದ.

ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ 14.7 ಪಾಲು ಗಾಳಿ ಬೇಕು. ಲೆಕ್ಕ ಹಾಕಿದರೆ, ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9,000 ಲೀಟರ್ ಗಾಳಿ! ನಾವು ಪೆಟ್ರೋಲಿಗೆ ದುಡ್ಡು ಕೊಟ್ಟು ಅದೇ ಗಾಡಿ ಓಡಿಸುತ್ತದೆಂದು ತಿಳಿದಿದ್ದೇವೆ. ಬಿಟ್ಟಿ ಸಿಗುವ ಗಾಳಿಯ ಪಾಲು ಯಾರಿಗೂ ನೆನಪಾಗುವುದಿಲ್ಲ. ಗಾಳಿ ಹೆಚ್ಚಾದರೆ ಇಂಜಿನ್ ಸೊರಗುತ್ತದೆ, ಕಾಯುತ್ತದೆ. ಪೆಟ್ರೋಲ್ ಹೆಚ್ಚಾದರೆ ಕರಿ ಹೊಗೆ ಕಾರುತ್ತದೆ. ನಮ್ಮ ಜೀಪಿನಲ್ಲಿ ಎರಡೂ ಸರದಿಯ ಮೇಲೆ ನಡೆಯುತ್ತಿತ್ತು.

ನನಗೆ ಗುರುವಾದವರು ತಾಲ್ಲೂಕು ಕೇಂದ್ರದ ಹಳೆಯ ಗ್ಯಾರೇಜಿನ ಮೇಸ್ತ್ರಿ. ಎಪ್ಪತ್ತು ದಾಟಿದ ಅವರಿಗೆ ಈಗ ಬಗ್ಗಲಾಗುವುದಿಲ್ಲ, ಕೈಯೂ ಕೊಂಚ ನಡುಗುತ್ತದೆ. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. “ಕೈ ನಿಮ್ದು, ಕಿವಿ ನಂದು ಮೇಷ್ಟ್ರೇ” ಎಂದರು. ಮೊದಲು ಇಂಜಿನ್ ಚಾಲೂ ಮಾಡಿಸಿ, ಗಾಳಿಯ ಬಾಗಿಲು ತಿರುಗುವ ಕಡ್ಡಿಯ ಬುಡಕ್ಕೆ ನಾಲ್ಕು ಹನಿ ಎಣ್ಣೆ ಬಿಡಿಸಿದರು. ಎಣ್ಣೆ ಬಿದ್ದ ಕೂಡಲೇ ಇಂಜಿನ್ ನಾಲ್ಕು ಉಸಿರಿನಷ್ಟು ಕಾಲ ಸಮನಾಗಿ ಓಡಿ ಮತ್ತೆ ಕುಂಟತೊಡಗಿತು. “ಕಂಡ್ರಾ? ಕಡ್ಡಿ ಸವೆದು ಅಲ್ಲಿಂದ ಕಳ್ಳಗಾಳಿ ಒಳಗೆ ಹೋಗ್ತಿದೆ. ಎಣ್ಣೆ ಅದನ್ನ ಒಂದು ಗಳಿಗೆ ತಡೀತು. ಇದಕ್ಕೆ ರಿಪೇರಿ ಕಿಟ್ ಸಾಲಲ್ಲ, ಇಡೀ ಡಬ್ಬೀನೇ ಬದಲಿಸ್ಬೇಕು.” ಪ್ರಯೋಗಶಾಲೆಯಲ್ಲಿ ಇದಕ್ಕಿಂತ ಸೊಗಸಾದ ಪ್ರಯೋಗವನ್ನು ನಾನು ಕಂಡಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಿ ಹೊಸ ಕಾರ್ಬೊರೇಟರ್ ತಂದುಕೊಟ್ಟವನು, ಗಾಡಿ ಗುಜರಿಗೆ ಹಾಕಿ ಎಂದಿದ್ದ ಅದೇ ಮಗ! ಬ್ಯಾಟರಿಯ ಅರ್ಥ್ ತಂತಿ ಬಿಚ್ಚಿ, ಪೆಟ್ರೋಲ್ ಕೊಳವೆ ಮುಚ್ಚಿ, ನಾಲ್ಕೈದು ಜೋಡಣೆ ಕಳಚಿ ಹಳೆಯದನ್ನು ಎತ್ತಿದೆ. ಬಟ್ಟಲಿನ ತಳದಲ್ಲಿ ಬೂದುಬಣ್ಣದ ಕೆಸರು. ರಬ್ಬರ್ ಕೊಳವೆ ಉಬ್ಬಿ ಮೆತ್ತಗಾಗಿತ್ತು. 20 ಭಾಗ ಎಥೆನಾಲ್ ಬೆರೆತ ಪೆಟ್ರೋಲನ್ನು ನಮ್ಮ ದೇಶದಲ್ಲಿ 2023ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲೇ. ಎಥೆನಾಲ್ ನೀರನ್ನು ಹೀರಿಕೊಳ್ಳುವ ಗುಣದ್ದು. ಹಿಂದಿನ ಕಾಲದ ರಬ್ಬರಿಗೆ ಅದು ಒಗ್ಗುವುದಿಲ್ಲ. ಜೊತೆಗೆ, ಅದು ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಆದ್ದರಿಂದ ಹಳೆಯ ಅಳತೆಯ ತೂತಿನಲ್ಲಿ ಬರುವ ಇಂಧನ ಇಂಜಿನ್ನಿಗೆ ತುಸು ಕಡಿಮೆಯೇ ಬೀಳುತ್ತದೆ. ಮೇಸ್ತ್ರಿಯವರು ಇದನ್ನು ಯಾವ ಪುಸ್ತಕದಲ್ಲೂ ಓದಿದವರಲ್ಲ. ಆದರೂ, “ಈಗಿನ ಪೆಟ್ರೋಲಿಗೆ ಒಂದು ನಂಬರ್ ದೊಡ್ಡ ಜೆಟ್ ಹಾಕಿ” ಎಂದರು. ಜೆಟ್ಟಿನ ನಂಬರ್ ಎಂದರೆ ಮಿಲಿಮೀಟರಿನ ನೂರನೇ ಭಾಗದ ಲೆಕ್ಕ. 120 ಎಂದಿದ್ದರೆ ತೂತು 1.2 ಮಿಲಿಮೀಟರ್. ಕೊಳವೆಗಳನ್ನೂ ಎಥೆನಾಲ್ ತಡೆಯುವಂಥವಕ್ಕೆ ಬದಲಿಸಿದೆವು.

ಕೊನೆಗೆ ಶ್ರುತಿ ಕೂಡಿಸುವ ಕೆಲಸ. ಅದಕ್ಕೊಂದು ಪುಟ್ಟ ತಿರುಪು. ಒಳಕ್ಕೆ ತಿರುಗಿಸುತ್ತ ಹೋದರೆ ಇಂಜಿನ್ ಬಿಕ್ಕುತ್ತದೆ, ಹೊರಕ್ಕೆ ತಿರುಗಿಸುತ್ತ ಹೋದರೆ ಗೊಗ್ಗರಾಗುತ್ತದೆ. ಎರಡರ ನಡುವೆ ಎಲ್ಲೋ ಒಂದು ಜಾಗ. ಮೇಸ್ತ್ರಿ ಕಣ್ಣು ಮುಚ್ಚಿ, ತಂಬೂರಿ ಶ್ರುತಿ ಮಾಡಿಸುವ ಭಾಗವತರ ಹಾಗೆ ಕೈಯೆತ್ತಿದರು. “ಇನ್ನೊಂಚೂರು... ಹಿಂದೆ... ಸಾಕು, ಮುಟ್ಬೇಡಿ.” ಇಂಜಿನ್ ಗೂಡಿನಲ್ಲಿ ಮಲಗಿದ ಬೆಕ್ಕಿನಂತೆ ಗುರುಗುಡುತ್ತಿತ್ತು. ಜಗಲಿಯಲ್ಲಿ ನಿಂತಿದ್ದ ಅಣ್ಣ ಏನೂ ಅನ್ನಲಿಲ್ಲ. ಒಳಗೆ ಹೋಗಿ ತಾನೇ ಕಾಫಿ ಮಾಡಿ ತಂದ.

ಕಾಫಿ ಕುಡಿಯುತ್ತಿರುವಾಗ, ಎಂದೂ ಏನನ್ನೂ ಕೇಳದ ಅಣ್ಣ ಲೋಟ ನೋಡುತ್ತ ಕೇಳಿದ: “ಇದಕ್ಕೊಂದು ಟೇಪು, ಸ್ಟೀರಿಯೋ ಅಂಥದ್ದು ಏನಾದ್ರೂ ಕೂರಿಸ್ಬಹುದೇನೋ?” ನಾನು ತಬ್ಬಿಬ್ಬಾದೆ. ನಲವತ್ತು ವರ್ಷ ಸ್ಟೀರಿಯೋ ಇಲ್ಲದೆ ಓಡಿದ ಗಾಡಿ. ಬೇಕಿರಲಿಲ್ಲ ಎಂಬುದು ನಿಜ. ಯಾಕೆ ಬೇಕಿರಲಿಲ್ಲ, ಈಗ ಯಾಕೆ ಬೇಕು ಎಂಬುದನ್ನು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. “ಮೂಗಿಗಿಂತ ಮೂಗುತಿ ಭಾರ ಆದೀತು” ಎಂದು ಮೇಸ್ತ್ರಿ ನಕ್ಕರು. ಮರುದಿನವೇ ಶಿವಮೊಗ್ಗಕ್ಕೆ ಹೋಗಿ ಒಂದು ಸಾದಾ ಸ್ಟೀರಿಯೋ, ಎರಡು ಸ್ಪೀಕರ್ ತಂದೆ.

ಬಾಗಿಲುಗಳೇ ಇಲ್ಲದ ಜೀಪಿನಲ್ಲಿ ಸ್ಪೀಕರ್ ಎಲ್ಲಿ ಕೂರಿಸುವುದು? ಆಚಾರಿ ಹಲಸಿನ ಹಲಗೆಯಲ್ಲಿ ಎರಡು ಪೆಟ್ಟಿಗೆ ಮಾಡಿಕೊಟ್ಟರು. ಡ್ಯಾಶ್‌ಬೋರ್ಡಿನ ಕೆಳಗೆ ಎಡಕ್ಕೊಂದು ಬಲಕ್ಕೊಂದು ಕೂರಿಸಿ, ಮಲೆನಾಡಿನ ಮಳೆಗೆ ಹೆದರಿ ರೆಕ್ಸಿನ್ ಹೊದಿಕೆ ಹಾಕಿದೆ. ಹಳದಿ ತಂತಿ ನೇರ ಬ್ಯಾಟರಿಗೆ, ಕೆಂಪು ತಂತಿ ಕೀಲಿಯ ಮೂಲಕ, ಕಪ್ಪು ತಂತಿ ಅರ್ಥಿಗೆ. ನಡುವೆ ಫ್ಯೂಸ್ ಇಲ್ಲದೆ ಯಾರೂ ಈ ಕೆಲಸ ಮಾಡಬಾರದು. ಪೆಟ್ರೋಲ್ ಗಾಡಿಯಲ್ಲಿ ಉಜ್ಜಿ ಸಿಪ್ಪೆ ಹೋದ ಒಂದು ತಂತಿ ಸಾಕು, ಅನಾಹುತಕ್ಕೆ.

ಆನ್ ಮಾಡಿದರೆ ಹಾಡಿನ ಜೊತೆ ಟಿಕ್ ಟಿಕ್ ಟಿಕ್! ಆಕ್ಸಿಲರೇಟರ್ ತುಳಿದಷ್ಟೂ ಟಿಕ್ ಟಿಕ್ ಜೋರು. ಇದೂ ನನ್ನ ಪಾಠದ್ದೇ. 1887ರಲ್ಲಿ ಹರ್ಟ್ಸ್ ಎಂಬ ವಿಜ್ಞಾನಿ ವಿದ್ಯುತ್ ಕಿಡಿ ಹಾರಿಸಿ ರೇಡಿಯೋ ಅಲೆಗಳನ್ನು ಹುಟ್ಟಿಸಿದ. ನಮ್ಮ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಅಂಥ ಅಲೆಗಳಿಂದ ದೂರದ ಗಂಟೆ ಬಾರಿಸಿ ತೋರಿಸಿದರು. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಸ್ಪಾರ್ಕ್ ಪ್ಲಗ್ಗುಗಳು 4,000 ಕಿಡಿ ಹಾರಿಸುತ್ತವೆ. ಅಂದರೆ ನಮ್ಮ ಜೀಪೇ ಒಂದು ಪುಟ್ಟ ರೇಡಿಯೋ ಸ್ಟೇಷನ್. ತನ್ನ ಸುದ್ದಿಯನ್ನು ತಾನೇ ಬಿತ್ತರಿಸುತ್ತಿತ್ತು, ಅಷ್ಟೆ. ಪ್ಲಗ್ಗುಗಳಿಗೆ 5,000 ಓಮ್ ರೋಧವುಳ್ಳ ಟೋಪಿ ಹಾಕಿ, ಕಾಯಿಲ್ಲಿಗೆ ಒಂದು ಕಂಡೆನ್ಸರ್ ಸೇರಿಸಿದ ಮೇಲೆ ಸದ್ದು ಅಡಗಿತು.

ಪೆನ್‌ಡ್ರೈವಿನಲ್ಲಿ ಕಾಳಿಂಗ ನಾವಡರ ಭಾಗವತಿಕೆ ತುಂಬಿಸಿಕೊಟ್ಟೆ. ಅತ್ತಿಗೆಗೆ ಯಕ್ಷಗಾನದ ಹುಚ್ಚು. ನಾವಡರ ಕ್ಯಾಸೆಟ್ಟುಗಳ ಕಟ್ಟೇ ಅವರ ಪೆಟ್ಟಿಗೆಯಲ್ಲಿತ್ತು. ಎರಡೂ ಸ್ಪೀಕರಿನಿಂದ ಸಮಸಮನಾಗಿ ಸದ್ದು ಬರುವಂತೆ ಬ್ಯಾಲೆನ್ಸ್ ನಡುವೆ ಇಟ್ಟು ಊರಿಗೆ ಮರಳಿದೆ.

ಸಂಕ್ರಾಂತಿಗೆ ಹೋದಾಗ ಅಣ್ಣನ ಜೊತೆ ಪೇಟೆಗೆ ಹೊರಟೆ. ನೋಂದಣಿ ಇನ್ನೈದು ವರ್ಷಕ್ಕೆ ನವೀಕರಣವಾಗಿತ್ತು. ಜೀಪು ಹಿಂದೆ ನಿಂತಿದ್ದ ಅದೇ ಏರನ್ನು ಎರಡನೇ ಗೇರಿನಲ್ಲಿ ಉಬ್ಬಸವಿಲ್ಲದೆ ಹತ್ತಿತು. ಸ್ಟೀರಿಯೋ ಹಾಡುತ್ತಿತ್ತು. ಸದ್ದೆಲ್ಲ ನಾನು ಕೂತಿದ್ದ ಎಡಬದಿಯಿಂದ ಮಾತ್ರ ಬರುತ್ತಿತ್ತು. ಗುಂಡಿ ನೋಡಿದೆ. ಅದನ್ನು ಪೂರ್ತಿ ಎಡಕ್ಕೆ ತಿರುಗಿಸಿಟ್ಟಿದ್ದ. ಸರಿಪಡಿಸಲು ಕೈ ಚಾಚಿದರೆ, “ಇರ್ಲಿ ಬಿಡೋ. ಆ ಕಡೆಯಿಂದ ಬಂದ್ರೇನೇ ನಂಗೆ ಸರಿ” ಎಂದ.

ಹಾಡು ಮುಗಿದಲ್ಲೆಲ್ಲ ಅಣ್ಣ “ಹೂಂ” ಎನ್ನುತ್ತ ಗೇರು ಬದಲಿಸುತ್ತಿದ್ದ. ನಾನು ಕೈ ಹಿಂದಕ್ಕೆ ತೆಗೆದುಕೊಂಡು ತೋಟಗಳನ್ನು ನೋಡುತ್ತ ಕೂತೆ.