ಎಲ್ಲ ಕಡೆಗೂ ಸಲ್ಲುವ ಸ್ಕ್ರಿಪ್ಟು

ನಮ್ಮ ಆಜ್ಞೆಗಳನ್ನು ಯಂತ್ರಕ್ಕೆ ಮುಟ್ಟಿಸುವ ಶೆಲ್ಲುಗಳಿಗೂ ಹೆತ್ತವರ ಗುಣ ಬರುತ್ತದೆಂದು ನನ್ನ ಗುಮಾನಿ. 1979ರಲ್ಲಿ ಯುನಿಕ್ಸ್‌ನ ಏಳನೆಯ ಆವೃತ್ತಿಯೊಂದಿಗೆ ಬಂದ ಬೋರ್ನ್ ಶೆಲ್ಲನ್ನೇ ನೋಡಿ. ಸ್ಟೀಫನ್ ಬೋರ್ನ್‌ಗೆ ಆಲ್ಗಾಲ್ ಭಾಷೆಯ ಮೇಲೆ ಅದೆಂಥ ಮೋಹವೋ, ‘ಇಫ್’ ಎಂದು ಶುರುವಾದದ್ದನ್ನು ತಿರುಗಿಸಿ ‘ಫಿ’ ಎಂದು ಮುಗಿಸಿದರು. ‘ಡು’ಗೂ ಅದೇ ಗತಿಯಾಗಬೇಕಿತ್ತು; ‘ಓಡಿ’ ಎಂಬ ಇನ್ನೊಂದು ಆಜ್ಞೆ ಆಗಲೇ ಬೀಡುಬಿಟ್ಟಿದ್ದರಿಂದ ‘ಡನ್’ ಎಂದು ತೃಪ್ತಿಪಟ್ಟುಕೊಂಡರು.

1989ರಲ್ಲಿ ಬ್ರಯಾನ್ ಫಾಕ್ಸ್ ಬರೆದ ಬ್ಯಾಶ್ ಧಾರಾಳಿ. ಕಾಲಕ್ರಮದಲ್ಲಿ ಅರೇ, ಜೋಡಿ ಚೌಕಾವರಣ ಎಲ್ಲವನ್ನೂ ಕೊಟ್ಟು ನಮ್ಮನ್ನು ಮುದ್ದುಮಾಡಿತು. ಅಲ್ಲಿ ಬೆಳೆದವರು ಲೋಕವೆಲ್ಲ ಹೀಗೆಯೇ ಎಂದುಕೊಂಡರು. 2006ರ ಅಕ್ಟೋಬರಿನಲ್ಲಿ ಉಬುಂಟು, ಬೇಗ ಬೂಟ್ ಆಗಲೆಂದು, ‘ಎಸ್‌ಎಚ್’ ಎಂಬ ಪೀಠದಲ್ಲಿ ಇನ್ನೊಂದು ಶೆಲ್ಲಾದ ಡ್ಯಾಶ್‌ನನ್ನು ಕೂರಿಸಿತು. ಮಿತಭಾಷಿ ಡ್ಯಾಶ್‌ಗೆ ಜೋಡಿ ಆವರಣವೇ ಅಪರಿಚಿತ. ‘ಎಕೋ’ಗೆ ‘-ಇ’ ಎಂದು ಸನ್ನೆ ಮಾಡಿದರೆ ಅದನ್ನೂ ಪರದೆಯ ಮೇಲೆ ಮುದ್ರಿಸಿಬಿಡುತ್ತದೆ. 2019ರಿಂದ ಮ್ಯಾಕ್‌ನಲ್ಲಿ ಯಜಮಾನಿಕೆ ಝಡ್-ಶೆಲ್ಲಿನದು. ಬ್ಯಾಶ್ ಅರೇಯನ್ನು ಸೊನ್ನೆಯಿಂದ ಎಣಿಸಿದರೆ, ಇದು ಒಂದರಿಂದ.

ಬೆಂಗಳೂರಿನ ನಮ್ಮ ಕಚೇರಿಯಲ್ಲಿ ಹಿರಿಯರೊಬ್ಬರಿದ್ದರು. ಸೋಲಾರಿಸ್, ಎಐಎಕ್ಸ್, ಲಿನಕ್ಸ್ ಎಲ್ಲದರ ನೀರು ಕುಡಿದವರು. ‘ಎಕೋ’ವನ್ನು ಮುಟ್ಟುತ್ತಿರಲಿಲ್ಲ, ‘ಪ್ರಿಂಟ್‌ಎಫ್’ ಮಾತ್ರ. ಪ್ರತಿ ವೇರಿಯಬಲ್ಲಿಗೂ ಉದ್ಧರಣ ಚಿಹ್ನೆ ತೊಡಿಸುವರು: “ಫೈಲಿನ ಹೆಸರಿನ ನಡುವೆ ಜಾಗ ಬಿಡುವ ಪುಣ್ಯಾತ್ಮ ಎಲ್ಲೋ ಇದ್ದೇ ಇರುತ್ತಾನೆ, ಮಾರಾಯರೇ.” ಪೋಸಿಕ್ಸ್ ಎಂಬ ಸಾಮಾನ್ಯ ಮಾನದಂಡದಲ್ಲಿ ಇಲ್ಲದ್ದು ಅವರ ಸ್ಕ್ರಿಪ್ಟಿನಲ್ಲೂ ಇಲ್ಲ. ನಾವು ಕಿರಿಯರು ಹಿಂದಿನಿಂದ ನಗುತ್ತಿದ್ದೆವು.

ಅವರ ಮಾತೂ ಹಾಗೆಯೇ ಇತ್ತು. ಕಾರ್ಕಳದ ಕಡೆಯವರು, ಹಾಸನದವನಿಗೂ ಕಲಬುರಗಿಯವಳಿಗೂ ಸಮವಾಗಿ ತಿಳಿಯಲೆಂದು ಕಚೇರಿಯಲ್ಲಿ ಅಚ್ಚುಕಟ್ಟಾದ ಪುಸ್ತಕದ ಕನ್ನಡ ಆಡುತ್ತಿದ್ದರು. ಆ ಕನ್ನಡದಲ್ಲಿ ಅವರು ಹೇಳಿದ ಒಂದು ಜೋಕಿಗೂ ಯಾರೂ ನಕ್ಕ ನೆನಪಿಲ್ಲ. ಮಧ್ಯಾಹ್ನ ಅಕ್ಕನ ಫೋನು ಬಂದರೆ ಮಾತ್ರ ಕಾರಿಡಾರಿನ ತುದಿಯಲ್ಲಿ ನಿಂತು, ತುಳುವಿನಲ್ಲಿ, ಹೊಟ್ಟೆ ಹಿಡಿದು ನಗುವರು. ಆ ಮನುಷ್ಯನ ಪರಿಚಯ ನಮಗ್ಯಾರಿಗೂ ಆಗಲೇ ಇಲ್ಲ.

ಅವರು ನಿವೃತ್ತರಾದ ಮೇಲೆ ಯಂತ್ರಗಳು ಬದಲಾದವು, ಶೆಲ್ಲುಗಳೂ ಬದಲಾದವು. ಅವರ ಸ್ಕ್ರಿಪ್ಟುಗಳು ಮಾತ್ರ ಒಂದಕ್ಷರ ತಿದ್ದಿಸಿಕೊಳ್ಳದೆ ಓಡಿದವು. ಎಲ್ಲ ಕಡೆಗೂ ಸಲ್ಲುವುದಕ್ಕೆ ಬೆಲೆಯೊಂದಿದೆ. ಅವರು ಅದನ್ನು ತೆತ್ತಿದ್ದರು. ಎಲ್ಲರೂ ತೆರಬೇಕೆಂದೇನಿಲ್ಲ. ಬ್ಯಾಶ್‌ನ ಸುಖ ಬೇಕೆನಿಸಿದರೆ ಧಾರಾಳವಾಗಿ ಪಡೆಯಿರಿ. ಮೊದಲ ಸಾಲಿನಲ್ಲಿ ಮಾತ್ರ ‘ಎಸ್‌ಎಚ್’ ಎಂದು ಬರೆಯದೆ, ‘ಬ್ಯಾಶ್’ ಎಂದೇ ಬರೆಯಿರಿ.