ಆಚೆ ದಂಡೆಗೆ ಎಷ್ಟು ದೂರ?

ಹೈದರಾಬಾದಿನಲ್ಲಿ ಮೂಸಿ ನದಿಯ ದಕ್ಷಿಣ ದಂಡೆಗೆ ಹೈಕೋರ್ಟು, ಎದುರು ದಂಡೆಗೆ ಉಸ್ಮಾನಿಯಾ ಆಸ್ಪತ್ರೆ. ನೋಡಿದರೆ ಕೂಗಳತೆ ದೂರ. ಹೋಗಬೇಕೆಂದರೆ ಸೇತುವೆ ಹುಡುಕಬೇಕು. ದಾರಿ ಹುಡುಕುವ ಅಲ್ಗಾರಿದಮ್‌ಗಳನ್ನು ಪರದೆಯ ಮೇಲೆ ಓಡಿಸಿ ಹೋಲಿಸುವ ಸಿಮ್ಯುಲೇಟರ್ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ನಕ್ಷೆ ಬೇಕಿಲ್ಲ.

ಮೊದಲು ಚೌಕುಳಿ ಹಾಳೆಯಂಥ ಪರದೆ. ಅಡ್ಡಕ್ಕೆ ಕಪ್ಪು ಚೌಕಗಳ ಸಾಲು, ಅದು ನದಿ. ನಡುನಡುವೆ ಬಿಟ್ಟ ಖಾಲಿ ಚೌಕಗಳು ಸೇತುವೆಗಳು: ಪಶ್ಚಿಮಕ್ಕೆ 1578ರ ಪುರಾನಾಪುಲ್, ಹೈಕೋರ್ಟಿನ ಪಕ್ಕದಲ್ಲೇ ನಯಾಪುಲ್, ಪೂರ್ವಕ್ಕೆ ಚಾದರ್‌ಘಾಟ್. ಹುಡುಕಾಟ ಮುಟ್ಟಿದ ಚೌಕಕ್ಕೆಲ್ಲ ನೀಲಿ ಬಣ್ಣ.

ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನಕ್ಕೆ ಗುರಿ ಯಾವ ದಿಕ್ಕಿಗಿದೆ ಎಂಬುದೇ ಗೊತ್ತಿಲ್ಲ. ಆಸ್ಪತ್ರೆ ಉತ್ತರಕ್ಕಿದ್ದರೂ ನೀಲಿ ಚಾರ್‌ಮಿನಾರಿನ ಕಡೆಗೂ ಹರಡುತ್ತದೆ. ಕೆಲಸ ಹೆಚ್ಚು, ಆದರೆ ಕೊಟ್ಟ ದಾರಿ ಅತಿ ಹತ್ತಿರದ್ದೇ. ‘ಗ್ರೀಡಿ’ ವಿಧಾನ ಗುರಿಗೆ ಸಮೀಪ ಕಂಡ ಚೌಕಕ್ಕೆ ಹಾರುತ್ತದೆ. ನೀರು ಅಡ್ಡ ಬಂದರೆ ದಂಡೆಯುದ್ದಕ್ಕೂ ತಡಕಾಡಿ, ಕೆಲವೊಮ್ಮೆ ಸುತ್ತುದಾರಿಯನ್ನೇ ಕೊಟ್ಟು ಮುಗಿಸುತ್ತದೆ. ಹಾರ್ಟ್, ನಿಲ್ಸನ್, ರಫೇಲ್ 1968ರಲ್ಲಿ ಪ್ರಕಟಿಸಿದ ಎ-ಸ್ಟಾರ್ ಈವರೆಗೆ ನಡೆದ ದೂರಕ್ಕೆ ಉಳಿದ ದೂರದ ಅಂದಾಜನ್ನು ಕೂಡಿಸುತ್ತದೆ. ಅಂದಾಜು ನಿಜಕ್ಕಿಂತ ಹೆಚ್ಚಾಗಬಾರದು, ಅದೊಂದೇ ಷರತ್ತು.

ಎಡವುವುದೂ ಅಲ್ಲೇ. ಮೂಲೆಯಿಂದ ಮೂಲೆಗೆ ನಡೆಯಲು ಬಿಟ್ಟರೆ ಆ ಹೆಜ್ಜೆಯ ಬೆಲೆ ಸುಮಾರು 1.4. ಅಡ್ಡ ಮತ್ತು ಉದ್ದದ ಚೌಕಗಳನ್ನಷ್ಟೇ ಎಣಿಸುವ ಅಂದಾಜು ಅದನ್ನು 2 ಎನ್ನುತ್ತದೆ. ಆಗ ನೀಲಿ ಕಡಿಮೆಯಾಗಿ, ಎ-ಸ್ಟಾರ್ ಗೆದ್ದಂತೆ ಕಾಣಬಹುದು. ದಾರಿ ಮಾತ್ರ ಉದ್ದವಾಗಿರಬಹುದು. ಪರದೆಯ ವೇಗವನ್ನು ನಂಬುವಂತಿಲ್ಲ, ಅದು ಕಟ್ಟಿದವರು ಇಟ್ಟ ವೇಗ. ಹಾಗಾಗಿ ಪ್ರತಿ ಓಟದ ಕೆಳಗೆ ಎರಡು ಅಂಕಿ ಇರಲೇಬೇಕು: ನೋಡಿದ ಚೌಕಗಳೆಷ್ಟು, ಸಿಕ್ಕ ದಾರಿಯ ಉದ್ದವೆಷ್ಟು. ಒಂದನ್ನು ಮುಚ್ಚಿಟ್ಟರೂ ಹೋಲಿಕೆ ಸುಳ್ಳಾಗುತ್ತದೆ.

ಕೊನೆಯ ಪರೀಕ್ಷೆಯನ್ನು ನದಿಯೇ ಕೊಟ್ಟಿದೆ. 1908ರ ಸೆಪ್ಟೆಂಬರಿನ ಪ್ರವಾಹದಲ್ಲಿ ಉಳಿದ ಸೇತುವೆಗಳು ಒಡೆದು, ದಾಟಲು ಪುರಾನಾಪುಲ್ ಒಂದೇ ಉಳಿಯಿತು. ಪರದೆಯಲ್ಲೂ ಮಿಕ್ಕ ಸೇತುವೆಗಳಿಗೆ ಕಪ್ಪು ತುಂಬಿ ಓಡಿಸಿದರೆ ಎ-ಸ್ಟಾರ್ ಕೂಡ ಮೊದಲು ದಂಡೆಗೆ ಹೋಗಿ ತಡೆಯುತ್ತದೆ. ನೀಲಿ ಎಡಕ್ಕೂ ಬಲಕ್ಕೂ ಹಬ್ಬುತ್ತ ಹೆಚ್ಚುಕಡಿಮೆ ಡೈಕ್‌ಸ್ಟ್ರಾನಷ್ಟೇ ಜಾಗ ತುಂಬುತ್ತದೆ. ಅಂದಾಜಿಗೆ ಆಸ್ಪತ್ರೆ ಎಲ್ಲಿದೆ ಎಂಬುದು ಗೊತ್ತು. ಯಾವ ಸೇತುವೆ ನಿಂತಿದೆ ಎಂಬುದು ಗೊತ್ತಿಲ್ಲ. ಅದನ್ನು ಹೋಗಿಯೇ ನೋಡಬೇಕು.