ನೋಡಿದ ಪಾಠ, ಮಾಡಿದ ಪಾಠ

ಹಿಂದೆ ಗುರುಗಳ ಬಳಿ ಕುಳಿತು ಕಲಿಯಬೇಕಾಗಿದ್ದ ಎಷ್ಟೋ ವಿದ್ಯೆಗಳು ಇಂದು ಮನೆಯಲ್ಲಿಯೇ ಗಣಕಯಂತ್ರದ ತೆರೆಯ ಮೇಲೆ ದೊರೆಯುತ್ತಿವೆ. "ವಿಡಿಯೋ ನೋಡಿ ಕಲಿತುಕೊಳ್ಳುತ್ತೇನೆ" ಎಂಬ ಮಾತನ್ನು ನೀವೂ ನಿಮ್ಮ ಮಕ್ಕಳಿಂದ ಕೇಳಿರಬಹುದು. ಇದು ದೊಡ್ಡ ಅನುಕೂಲವೆಂಬುದರಲ್ಲಿ ಸಂಶಯವಿಲ್ಲ. ಆದರೆ ನೋಡುವುದಕ್ಕೂ ಕಲಿಯುವುದಕ್ಕೂ ಇರುವ ಅಂತರವನ್ನು ನನಗೆ ಮನಗಾಣಿಸಿದ್ದು ನಮ್ಮ ಮಗಳ ಒಂದು ಅಸೈನ್‌ಮೆಂಟ್.

ನಮ್ಮ ಮನೆಯ ಮೂರು ಆಯಾಮದ ಮಾದರಿಯನ್ನು ಎರಡು ವಾರಗಳಲ್ಲಿ ಆಕೆ ರಚಿಸಬೇಕಾಗಿತ್ತು. ಅದಕ್ಕಾಗಿ ಆರಿಸಿಕೊಂಡದ್ದು 2000ರಲ್ಲಿ ಹೊರಬಂದ, ಹೊಸಬರಿಗೆ ಸುಲಭವೆಂದು ಹೆಸರಾದ ಸ್ಕೆಚ್‌ಅಪ್ ತಂತ್ರಾಂಶವನ್ನು. ವಿಡಿಯೋದ ಶಿಕ್ಷಕರು ಒಂದು ಆಯತ ಬರೆದು 'ಪುಶ್ ಪುಲ್' ಉಪಕರಣದಿಂದ ಮೇಲಕ್ಕೆಳೆದರು. ಮನೆ ಎದ್ದು ನಿಂತಿತು. ಮೇಲ್ಭಾಗದ ನಡುವೆ ಗೆರೆಯೆಳೆದು ಅದನ್ನು ಎತ್ತಿದರು, ಮಾಡು ಸಿದ್ಧವಾಯಿತು. ಎಲ್ಲವೂ ಅರ್ಥವಾದಂತೆ ತೋರಿತು. ವಿಡಿಯೋ ಮುಚ್ಚಿದಾಗ ಮಾತ್ರ ತೆರೆಯ ಮೇಲೆ ಕೆಂಪು, ಹಸಿರು, ನೀಲಿ ಅಕ್ಷರೇಖೆಗಳಷ್ಟೇ ಉಳಿದಿದ್ದವು. ಎಲ್ಲಿಂದ ಆರಂಭಿಸುವುದೆಂದೇ ಆಕೆಗೆ ತೋಚಲಿಲ್ಲ.

ಮರುದಿನ ಆಕೆ ಕ್ರಮ ಬದಲಿಸಿದಳು. ಎರಡು ನಿಮಿಷ ನೋಡಿ ನಿಲ್ಲಿಸುವುದು, ತಾನೇ ಮಾಡುವುದು, ಕೆಟ್ಟರೆ ಅಳಿಸಿ ಮತ್ತೆ ಮಾಡುವುದು. ಒಮ್ಮೆ ಗೋಡೆಯನ್ನು ಸರಿಸಿದಾಗ ಅದಕ್ಕೆ ಅಂಟಿಕೊಂಡಿದ್ದ ಜಗಲಿಯೂ ಎಳೆದು ವಿಕಾರವಾಯಿತು. ಪ್ರತಿಯೊಂದು ಭಾಗವನ್ನೂ ಪ್ರತ್ಯೇಕ 'ಗ್ರೂಪ್' ಆಗಿ ಇಡಬೇಕೆಂದು ಶಿಕ್ಷಕರು ಹೇಳಿಯೇ ಇದ್ದರು. ಅದು ಏಕೆಂದು ತಿಳಿದದ್ದು ಜಗಲಿ ಕೆಟ್ಟ ಮೇಲೆಯೇ.

ಮುಂದಿನದು ಇನ್ನೂ ಕಷ್ಟ. ಪಾಠದ ಮನೆಯ ಮಾಡು ಗೋಡೆಯ ಅಂಚಿಗೇ ಮುಗಿಯುತ್ತಿತ್ತು. ನಮ್ಮ ಹೆಂಚಿನ ಮಾಡಾದರೋ ಗೋಡೆಯಿಂದ ಮೂರು ಅಡಿ ಹೊರಚಾಚಿ, ಪಡುವಣ ಬದಿಯಲ್ಲಿ ಬಹಳ ತಗ್ಗಿಗೆ ಇಳಿದಿದೆ. ಇತರರು ರಚಿಸಿಟ್ಟ ಸಿದ್ಧ ಮನೆಗಳು 'ತ್ರೀಡಿ ವೇರ್‌ಹೌಸ್' ಎಂಬ ಭಂಡಾರದಲ್ಲಿ ಧಾರಾಳವಾಗಿವೆ. ಅವುಗಳಲ್ಲೊಂದನ್ನು ಇಳಿಸಿಕೊಂಡು ಒಪ್ಪಿಸಿದರೆ ಅಂಕಗಳೂ ಬರುತ್ತಿದ್ದವೇನೋ. ಆಕೆ ಹಾಗೆ ಮಾಡದೆ ಅಳತೆಪಟ್ಟಿ ಹಿಡಿದು ಅಂಗಳಕ್ಕಿಳಿದಳು.

"ಅಜ್ಜಿ, ಈ ಕಡೆ ಮಾಡು ಏಕೆ ಇಷ್ಟು ತಗ್ಗು?" ಎಂದು ಕೇಳಿದಾಗ, ಜಗಲಿಯಲ್ಲಿದ್ದ ಅತ್ತೆಯವರು, "ಮಳೆಗಾಲದಲ್ಲಿ ಗಾಳಿಮಳೆ ಹೊಡೆಯುವುದು ಆ ಕಡೆಯಿಂದಲೇ ಮಗಾ, ಮಣ್ಣಿನ ಗೋಡೆ ನೆನೆಯಬಾರದಲ್ಲ" ಎಂದರು. ಇಪ್ಪತ್ತು ವರ್ಷ ಆ ಸೂರಿನಡಿಯಲ್ಲಿ ಬೆಳೆದ ಹುಡುಗಿಗೆ ಅದು ಹೊಸ ಸಂಗತಿ. ಮಾಡನ್ನು ಬೇರೆ ಗ್ರೂಪ್ ಆಗಿ ರಚಿಸಿ, ಅಳತೆಗಳನ್ನು ಅಂಕೆಗಳಲ್ಲಿಯೇ ಕೊಟ್ಟು, ಮೂರನೆಯ ಯತ್ನದಲ್ಲಿ ಕೂರಿಸಿದಳು. ಹೆಂಚಿನ ಸಾಲುಗಳು ಅಷ್ಟೇನೂ ಅಂದವಾಗಿ ಬರಲಿಲ್ಲ. ಆದರೂ ನೋಡಿದವರು ಅದು ನಮ್ಮ ಮನೆಯೆಂದು ಗುರುತಿಸುವಂತಿತ್ತು.

ಓದುಗರೇ, ದಾರಿ ತೋರಿಸುವುದಷ್ಟೇ ಟ್ಯುಟೋರಿಯಲ್‌ಗಳ ಕೆಲಸ; ನಡೆಯಬೇಕಾದವರು ನಾವೇ. ನಿಮ್ಮ ಮಕ್ಕಳು ತೆರೆಯ ಮುಂದೆ ಕುಳಿತಾಗ "ಎಷ್ಟು ಪಾಠ ನೋಡಿದೆ?" ಎನ್ನುವುದರ ಬದಲು "ಅದನ್ನು ಮುಚ್ಚಿ ನೀನೇನು ಮಾಡಿದೆ, ತೋರಿಸು" ಎಂದು ಅಕ್ಕರೆಯಿಂದ ಕೇಳಿರಿ. ಅವರು ತೋರಿಸುವುದು ಸೊಟ್ಟಗಿದ್ದರೂ ಚಿಂತೆಯಿಲ್ಲ. ಅದು ಅವರದೇ ಕೈಕೆಲಸವಾಗಿರಲಿ.